ಕನ್ನಡಿಯೊಳಗಿನ ಗಂಟು

ಚೆನ್ನಾಗಿ ಓಡುತ್ತಿರುವ ಡಿಸ್ಕನ್ನು ಬೇಕೆಂದೇ ಸಾಯಿಸುವುದು ಲಿನಕ್ಸಿನಲ್ಲಿ ಒಂದೇ ಸಾಲಿನ ಕೆಲಸ. ಎಂಡಿಎಡಿಎಂ ಎಂಬ ಆಜ್ಞೆಗೆ ‘ಫೇಲ್’ ಎಂದು ಸೇರಿಸಿ ಡಿಸ್ಕಿನ ಹೆಸರು ಕೊಟ್ಟರೆ ಮುಗಿಯಿತು. ಜೋಡಿಯ ಸ್ಥಿತಿ ತೋರಿಸುವ ಕಡೆ ಎರಡು ‘ಯು’ ಅಕ್ಷರ ಇದ್ದದ್ದು ಒಂದು ‘ಯು’, ಒಂದು ಅಡಿಗೆರೆ ಆಗುತ್ತದೆ. ಸತ್ತದ್ದನ್ನು ‘ರಿಮೂವ್’ ಎಂದು ಹೊರಗೆ ಹಾಕಿ, ‘ಆ್ಯಡ್’ ಎಂದು ಇನ್ನೊಂದನ್ನು ಕೂರಿಸಿದರೆ, ಉಳಿದ ಡಿಸ್ಕು ತನ್ನಲ್ಲಿರುವುದನ್ನೆಲ್ಲ ಹೊಸಬನಿಗೆ ಒಪ್ಪಿಸಲು ತೊಡಗುತ್ತದೆ. ಇದಕ್ಕೆ ನಿಜವಾದ ಡಿಸ್ಕೂ ಬೇಕಿಲ್ಲ. 200 ಎಂಬಿಯ ಎರಡು ಖಾಲಿ ಫೈಲುಗಳಿಗೆ ಡಿಸ್ಕಿನ ವೇಷ ಹಾಕಿಸಿ, ಮನೆಯ ಲ್ಯಾಪ್‌ಟಾಪಿನಲ್ಲೇ ಈ ಸಾವು-ಮರುಹುಟ್ಟಿನ ಆಟ ಆಡಬಹುದು. ಹೊಸದಾಗಿ ತಂಡಕ್ಕೆ ಬಂದವರಿಗೆ ನಾನು ಮೊದಲ ವಾರವೇ ಇದನ್ನು ಮಾಡಿಸುತ್ತೇನೆ. ಪ್ರತಿಯೊಬ್ಬರೂ ‘ಅಯ್ಯೋ ಇಷ್ಟೇನಾ’ ಅನ್ನುತ್ತಾರೆ.

ಇಷ್ಟೇ ಅಲ್ಲ ಅನ್ನುವುದಕ್ಕೆ ಈ ಬರಹ. ತಂತ್ರಜ್ಞಾನದ ಪಾಠ ಮಾಡುವ ಉದ್ದೇಶವಿಲ್ಲ. ಆ ಪಾಠ ಬೇಕಾದವರಿಗೆ ಬೇಕಾದಷ್ಟು ಕಡೆ ಸಿಗುತ್ತದೆ. ಹದಿನೈದು ವರ್ಷಗಳಿಂದ ಪುಣೆಯಲ್ಲಿ ಬೇರೆಯವರ ದತ್ತಾಂಶ ಕಾಯುವ ಕೆಲಸ ಮಾಡುತ್ತ ಬಂದವನಿಗೆ ಎರಡು ಪ್ರಶ್ನೆಗಳು ಬಿಡದೆ ಕಾಡಿವೆ. ನಾಟಕದ ಸಾವನ್ನು ಗೆದ್ದವನು ‘ಸಾವನ್ನು ಗೆದ್ದೆ’ ಎಂದು ಬರೆದುಕೊಡಬಹುದೇ? ಎರಡು ಪ್ರತಿಗಳು ಬೇರೆಬೇರೆ ಮಾತಾಡಿದಾಗ ಒಂದನ್ನು ಅಳಿಸುವ ಹಕ್ಕು ಯಾರದು? ಎರಡನೆಯದೇ ಹೆಚ್ಚು ಕಠಿಣ. ಆದರೂ ಮೊದಲನೆಯದರಿಂದ ಶುರು ಮಾಡುತ್ತೇನೆ.

ಮಿರರ್ ಮಾಡಿದ ಡಿಸ್ಕುಗಳಿಗೆ ಬಿಟ್‌ಮ್ಯಾಪ್ ಎಂಬ ಸಣ್ಣ ಚೀಟಿಯೊಂದು ಇರುತ್ತದೆ. ಯಾವ ಯಾವ ಭಾಗಕ್ಕೆ ಬರೆಯಲಾಗುತ್ತಿದೆ ಎಂಬ ಗುರುತು ಅದರಲ್ಲಿ. ಈಗ ತಾನೇ ‘ಸಾಯಿಸಿದ’ ಡಿಸ್ಕನ್ನೇ ತಿರುಗಿ ಒಳಗೆ ಸೇರಿಸಿದರೆ ವ್ಯವಸ್ಥೆ ಅದರ ಗುರುತು ಹಿಡಿಯುತ್ತದೆ, ಚೀಟಿ ನೋಡುತ್ತದೆ, ನಡುವೆ ಬದಲಾದಷ್ಟನ್ನು ಮಾತ್ರ ನಕಲು ಮಾಡುತ್ತದೆ. ನಮ್ಮ ಒಂದು ಅಣಕು ಪರೀಕ್ಷೆಯಲ್ಲಿ ಇದಕ್ಕೆ ಹಿಡಿದದ್ದು 9 ಸೆಕೆಂಡು. ಅದೇ ನಿಜವಾಗಿ ಸತ್ತು, ಪೆಟ್ಟಿಗೆಯಿಂದ ತೆಗೆದ ಹೊಸ 4 ಟಿಬಿ ಡಿಸ್ಕು ಹಾಕಬೇಕಾಗಿ ಬಂದರೆ, ಸೆಕೆಂಡಿಗೆ 150 ಎಂಬಿಯಂತೆ ಲೆಕ್ಕ ಹಾಕಿದರೂ ಸುಮಾರು ಏಳೂವರೆ ತಾಸು. ಅದೂ ಬೇರಾವ ಕೆಲಸವೂ ಇಲ್ಲದಿದ್ದರೆ. ಆ ಏಳೂವರೆ ತಾಸು ಉಳಿದೊಂದು ಡಿಸ್ಕು ಮೂಲೆಮೂಲೆಯನ್ನೂ ಓದಿ ಹೇಳಬೇಕು. ಬಹಳ ಸಲ ಅದು ಸತ್ತ ಡಿಸ್ಕಿನ ಜೊತೆಗೇ ಕೊಂಡದ್ದು, ಒಂದೇ ಬ್ಯಾಚಿನದು, ಅಷ್ಟೇ ಗಂಟೆ ದುಡಿದದ್ದು. ಜೊತೆಗಾರ ಹೋದ ದಿನವೇ ಅದರ ಮೇಲೆ ಅತಿ ಹೆಚ್ಚು ಭಾರ ಬೀಳುತ್ತದೆ.

ಗಿರಾಕಿಯದು ಪಶ್ಚಿಮ ಮಹಾರಾಷ್ಟ್ರದ ಊರುಗಳಲ್ಲಿ ಶಾಖೆಗಳಿರುವ ಒಂದು ರೋಗಪರೀಕ್ಷಾ ಪ್ರಯೋಗಾಲಯ. ರಕ್ತ, ಮೂತ್ರ, ಥೈರಾಯ್ಡ್ ಇತ್ಯಾದಿ. ಆಡಿಟ್ ಹತ್ತಿರ ಬಂದಿತ್ತು. ಅವರ ಐಟಿ ಮುಖ್ಯಸ್ಥರು ನಮ್ಮ ವರದಿಯಲ್ಲಿ ಒಂದೇ ಸಾಲು ಬಯಸಿದರು: ಡಿಸ್ಕ್ ವೈಫಲ್ಯದಿಂದ ಚೇತರಿಕೆ ಪರೀಕ್ಷಿಸಲಾಗಿದೆ, ಅವಧಿ 1 ನಿಮಿಷದೊಳಗೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಪರೀಕ್ಷೆ ಮಾಡಿದ್ದೇವೆ, ಡಿಸ್ಕು ‘ವಿಫಲ’ವಾಗಿತ್ತು, ನಿಮಿಷದೊಳಗೆ ಚೇತರಿಸಿಕೊಂಡಿತು.

ಕುರುಕ್ಷೇತ್ರದಲ್ಲಿ ದ್ರೋಣರನ್ನು ನಿಲ್ಲಿಸಲು ಮಾಡಿದ್ದೂ ಇದನ್ನೇ ತಾನೆ? ಅಶ್ವತ್ಥಾಮ ಎಂಬ ಹೆಸರಿನ ಆನೆಯೊಂದನ್ನು ಮೊದಲು ಕೊಂದರು, ಆಮೇಲೆ ಧರ್ಮರಾಯನ ಬಾಯಲ್ಲಿ ‘ಅಶ್ವತ್ಥಾಮ ಸತ್ತ’ ಅನ್ನಿಸಿದರು. ಲೋಕಕ್ಕೆ ಗೊತ್ತಿರುವ ಮೊದಲ ಅಣಕು ವೈಫಲ್ಯ ಅದೇ ಇರಬೇಕು. ಹೇಳಿಕೆ ನಿಜವಾಗಲಿ ಎಂಬ ಒಂದೇ ಕಾರಣಕ್ಕೆ ಒಂದು ಜೀವ ಕೊಂದದ್ದು. ಕೇಳುವವನು ಯಾವ ಅರ್ಥದಲ್ಲಿ ತೆಗೆದುಕೊಳ್ಳುತ್ತಾನೆ ಎಂದು ಹೇಳುವವನಿಗೆ ಚೆನ್ನಾಗಿ ಗೊತ್ತಿದ್ದಾಗ ಆ ಅರ್ಥದ ಹೊಣೆಯೂ ಹೇಳುವವನದೇ ಎಂದು ನನ್ನ ನಂಬಿಕೆ. ಆಡಿಟರ್ 1 ನಿಮಿಷ ಎಂದು ಓದಿದರೆ ಅವರ ಕಣ್ಣ ಮುಂದೆ ಬರುವುದು ಹೊಗೆ ಬಂದ ಡಿಸ್ಕು. ಚೀಟಿ ನೋಡಿ ಎದ್ದು ಕೂತ ಡಿಸ್ಕಲ್ಲ. ನಾನು 9 ಸೆಕೆಂಡನ್ನೂ ಏಳೂವರೆ ತಾಸನ್ನೂ ಪಕ್ಕಪಕ್ಕದಲ್ಲಿ ಬರೆದೆ. ಐಟಿ ಮುಖ್ಯಸ್ಥರಿಗೆ ಹಿಡಿಸಲಿಲ್ಲ. ‘ನೀವು ನಮ್ಮ ಪರ ಇದ್ದೀರೋ ಆಡಿಟರ್ ಪರವೋ’ ಎಂದು ಕೇಳಿದರು. ದೊಡ್ಡ ಸಂಖ್ಯೆಯನ್ನು ಅನುಬಂಧಕ್ಕೆ ಸರಿಸಿ ಸಮಾಧಾನ ಮಾಡಿಕೊಂಡೆವು. ಅನುಬಂಧಗಳನ್ನು ಯಾರೂ ಓದುವುದಿಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು ಅನ್ನಿ.

ಹಾಗೆಂದು ನಾಟಕವೆಲ್ಲ ವ್ಯರ್ಥ ಅನ್ನಲಾರೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್‌ನಲ್ಲಿ ಆದದ್ದು ನಮ್ಮ ಕಸುಬಿನವರಿಗೆಲ್ಲ ಬಾಯಿಪಾಠ. ಮುಖ್ಯ ದತ್ತಸಂಚಯ ಒಂದು, ಅದನ್ನು ಹಿಂಬಾಲಿಸುವ ನಕಲು ಒಂದು. ನಕಲು ಹಿಂದೆ ಬಿದ್ದಿತ್ತು. ಅದನ್ನು ಬರಿದು ಮಾಡಿ ಮೊದಲಿನಿಂದ ತುಂಬಿಸೋಣವೆಂದು ರಾತ್ರಿ ಕೂತಿದ್ದ ಎಂಜಿನಿಯರ್ ಒಬ್ಬರು ಅಳಿಸುವ ಆಜ್ಞೆ ಕೊಟ್ಟದ್ದು ಮುಖ್ಯ ಯಂತ್ರದ ಮೇಲೆ. ಒಂದೆರಡು ಸೆಕೆಂಡಿನಲ್ಲಿ ಗೊತ್ತಾಗಿ ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ನೋಡಿದರೆ, ದಿನವೂ ನಡೆಯುತ್ತಿದೆ ಎಂದುಕೊಂಡಿದ್ದ ಬ್ಯಾಕಪ್ಪು ತಂತ್ರಾಂಶದ ಆವೃತ್ತಿ ಹೊಂದದೆ ಸದ್ದಿಲ್ಲದೆ ಸೋಲುತ್ತಿತ್ತು. ಸೋತ ಸುದ್ದಿ ಹೊತ್ತ ಇಮೇಲುಗಳೂ ತಿರಸ್ಕೃತವಾಗುತ್ತಿದ್ದವು. ಕಡೆಗೆ ಕಾಪಾಡಿದ್ದು, ಬೇರಾವುದೋ ಕೆಲಸಕ್ಕೆಂದು ಸುಮಾರು 6 ತಾಸು ಮೊದಲು ಅದೇ ಎಂಜಿನಿಯರ್ ಕೈಯಾರೆ ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು, ಚೇತರಿಕೆಯ ಕೆಲಸವನ್ನೂ ಜನ ನೋಡುವಂತೆ ನೇರ ಪ್ರಸಾರ ಮಾಡಿತು. ಆ ಬ್ಯಾಕಪ್ಪನ್ನು ಒಮ್ಮೆಯಾದರೂ ನಾಟಕಕ್ಕೆಂದು ಹಿಂತೆಗೆದು ನೋಡಿದ್ದರೆ ಅದು ಖಾಲಿ ಎಂಬುದು ಹಗಲಲ್ಲೇ ತಿಳಿಯುತ್ತಿತ್ತು. ಹಾಗಾಗಿ ತಾಲೀಮು ಬೇಕು. ತಾಲೀಮನ್ನೇ ಪ್ರದರ್ಶನ ಎಂದು ಟಿಕೆಟ್ ಮಾರಬಾರದು ಎನ್ನುವುದಷ್ಟೇ ನನ್ನ ತಕರಾರು. ಈಗ ನಮ್ಮಲ್ಲಿ ಯಾವ ಡಿಸ್ಕು, ಯಾವ ಹೊತ್ತು ಎಂಬುದನ್ನು ಪರೀಕ್ಷೆ ಎದುರಿಸುವವರು ಆರಿಸುವುದಿಲ್ಲ. ಗಿರಾಕಿಯ ಲೆಕ್ಕವಿಭಾಗದ ಹೆಣ್ಣುಮಗಳೊಬ್ಬರು ಚೀಟಿ ಎತ್ತುತ್ತಾರೆ. ಹಾಕುವುದು ಖಾಲಿ ಡಿಸ್ಕನ್ನೇ.

ಇಲ್ಲಿಯವರೆಗಿನದು ಸುಲಭ. ಸತ್ತ ಡಿಸ್ಕು ಸುಳ್ಳು ಹೇಳುವುದಿಲ್ಲ, ಸುಮ್ಮನಿರುತ್ತದೆ. ಕಷ್ಟ ಕೊಡುವುದು ಬದುಕಿರುವ ಡಿಸ್ಕು.

1988ರಲ್ಲಿ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್ ತಮ್ಮ ಪ್ರಸಿದ್ಧ ಲೇಖನದಲ್ಲಿ ಇವುಗಳಿಗೆ ರೇಡ್ ಎಂಬ ಹೆಸರು ಕೊಟ್ಟಾಗ ಅದರ ‘ಐ’ ಅಕ್ಷರದ ಅರ್ಥ ಅಗ್ಗದ್ದು ಎಂದಿತ್ತು. ಆಮೇಲೆ ಮಾರುವವರ ಕೈಗೆ ಬಂದು ‘ಸ್ವತಂತ್ರ’ ಎಂದಾಯಿತು. ಒಂದು ದೊಡ್ಡ ದುಬಾರಿ ಡಿಸ್ಕಿನ ಬದಲು ಹಲವು ಅಗ್ಗದವನ್ನು ಕಟ್ಟಿ, ಒಂದು ಹೋದರೆ ಇನ್ನೊಂದು ಹೊರುವಂತೆ ಮಾಡುವುದು ಅವರ ವಿಚಾರ. ಮಿರರ್ ಅದರಲ್ಲಿ ಮೊದಲ ಹಂತ, ಅತ್ಯಂತ ಸರಳವಾದದ್ದು. ಸರಳವಾದದ್ದರಿಂದಲೇ ಜನ ಅದನ್ನು ಬ್ಯಾಕಪ್ ಎಂದು ತಪ್ಪು ತಿಳಿಯುತ್ತಾರೆ. ಕನ್ನಡಿಗೆ ವಿವೇಚನೆ ಇಲ್ಲ. ನೀವು ಒಂದು ಫೈಲು ಅಳಿಸಿದರೆ ಅದು ಅಷ್ಟೇ ನಿಷ್ಠೆಯಿಂದ ಎರಡೂ ಕಡೆ ಅಳಿಸುತ್ತದೆ. ‘ಮಕ್ಷಿಕಾಸ್ಥಾನೇ ಮಕ್ಷಿಕಾ’ ಅನ್ನುತ್ತಾರಲ್ಲ: ಓಲೆಯ ಮೇಲೆ ನೊಣ ಸತ್ತು ಅಂಟಿದ್ದನ್ನು ಕಂಡ ಲಿಪಿಕಾರ ತಾನೂ ಒಂದು ನೊಣ ಹಿಡಿದು ಕೊಂದು ತನ್ನ ಪ್ರತಿಯಲ್ಲಿ ಅದೇ ಜಾಗಕ್ಕೆ ಅಂಟಿಸಿದನಂತೆ. ನಿಷ್ಠೆ ಅಂದರೆ ನಿಷ್ಠೆ. ನಮ್ಮ ಹಿರಿಯರು ಕೈಗೆ ಸಿಗದ ಸಂಪತ್ತಿಗೆ ಕನ್ನಡಿಯೊಳಗಿನ ಗಂಟು ಎಂಬ ಮಾತು ಮಾಡಿಟ್ಟದ್ದು ಯಾವ ಮಿರರನ್ನು ನೋಡಿಯೋ! ಮೂಲದ ಗಂಟು ಕಳೆದ ದಿನ ಕನ್ನಡಿಯದೂ ಹೋಗಿರುತ್ತದೆ.

ಇನ್ನೂ ಒಂದು ತೊಡಕು. ಬಿಂಬ-ಪ್ರತಿಬಿಂಬ ಎಂದೊಡನೆ ನಮ್ಮ ಕಡೆ ಮಧ್ವರ ನೆನಪಾಗುತ್ತದೆ. ಅಲ್ಲಿ ಬಿಂಬ ಸ್ವತಂತ್ರ, ಪ್ರತಿಬಿಂಬ ಅದರ ಅಧೀನ, ಗೊಂದಲವಿಲ್ಲ. ಡಿಸ್ಕಿನ ಕನ್ನಡಿಯಲ್ಲಿ ಬಿಂಬವೇ ಇಲ್ಲ. ಎರಡೂ ಪ್ರತಿಬಿಂಬಗಳೇ. ಯಾವುದೂ ಮೂಲವಲ್ಲ.

ಇದರ ಬಿಸಿ ತಾಗಿದ್ದು ಆ ಪ್ರಯೋಗಾಲಯದಲ್ಲೇ. ತಿಂಗಳಿಗೊಮ್ಮೆ ಎರಡೂ ಡಿಸ್ಕುಗಳನ್ನು ಮೊದಲಿನಿಂದ ಕೊನೆಯವರೆಗೆ ಹೋಲಿಸಿ ನೋಡುವ ‘ಚೆಕ್’ ಓಡುತ್ತದೆ. ಒಂದು ತಿಂಗಳು ಅದರ ಫಲಿತಾಂಶ ಸೊನ್ನೆ ಬರುವ ಬದಲು 128 ಬಂತು. ಎಣಿಕೆ ಸೆಕ್ಟರುಗಳಲ್ಲಿ, ಅಂದರೆ 64 ಕಿಲೋಬೈಟಿನ ಒಂದು ತುಂಡಿನಲ್ಲಿ ಎಲ್ಲೋ ವ್ಯತ್ಯಾಸವಿದೆ. ಇಂಥದ್ದು ಕೆಲವೊಮ್ಮೆ ನಿರುಪದ್ರವಿ. ಸ್ವಾಪ್ ಜಾಗದಲ್ಲಿ ಕಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇದು ದತ್ತಸಂಚಯದ ಜಾಗದಲ್ಲಿತ್ತು. ಅದೇ ವಾರ ಶಾಖೆಯೊಂದರಿಂದ ವಿಚಿತ್ರ ದೂರು: ಒಬ್ಬ ರೋಗಿಯ ಕ್ರಿಯೇಟಿನಿನ್ ಒಮ್ಮೆ ತೆರೆದಾಗ 1.9, ಮಾರನೆಯ ದಿನ ತೆರೆದರೆ 1.1. ಮಿರರ್‌ನಲ್ಲಿ ಓದುವ ಕೆಲಸವನ್ನು ಎರಡು ಡಿಸ್ಕುಗಳೂ ಹಂಚಿಕೊಳ್ಳುತ್ತವೆ. ಯಾರು ಬಿಡುವಾಗಿದ್ದಾರೋ ಅವರು ಉತ್ತರ ಕೊಡುತ್ತಾರೆ. ಒಂದೇ ಪ್ರಶ್ನೆಗೆ ಎರಡು ಉತ್ತರ, ಕೇಳಿದ ಹೊತ್ತಿನ ಮೇಲೆ. ಕ್ರಿಯೇಟಿನಿನ್ ಮೂತ್ರಪಿಂಡದ ಲೆಕ್ಕ. 1.1ಕ್ಕೂ 1.9ಕ್ಕೂ ನಡುವೆ ವೈದ್ಯರು ಬರೆಯುವ ಔಷಧಿ, ಅದರ ಪ್ರಮಾಣ ಎಲ್ಲವೂ ಬೇರೆಯಾಗಬಹುದು.

ತಂಡದಲ್ಲಿ ವಿಜಯಪುರ ಕಡೆಯ ಹುಡುಗನೊಬ್ಬ ಇದ್ದಾನೆ. ಎಲ್ಲರೆದುರು ಹಿಂದಿ, ನನ್ನೊಬ್ಬನ ಹತ್ತಿರ ಕನ್ನಡ. ಎರಡು ಡಿಸ್ಕುಗಳನ್ನೂ ಬೇರೆಬೇರೆಯಾಗಿ ಓದಿ ಬಂದವನು ನಿಂತೇ ಹೇಳಿದ: ‘ಸರ್, ಎರಡೂ ಬ್ಯಾರೆ ಬ್ಯಾರೆ ಹೇಳಾಕತ್ತಾವ್ರಿ. ಎರಡೂ ನೋಡಾಕ ಖರೇನ ಅನಸ್ತಾವು. ಯಾವುದನ್ನ ನಂಬೂದ್ರಿ?’

ವ್ಯವಸ್ಥೆಯ ಬಳಿ ಇದಕ್ಕೆ ಉತ್ತರವಿದೆ, ಅದರ ಹೆಸರು ‘ರಿಪೇರ್’. ಅದು ಏನು ಮಾಡುತ್ತದೆ ಎಂಬುದನ್ನು ಕೈಪಿಡಿ ಮುಚ್ಚುಮರೆಯಿಲ್ಲದೆ ಹೇಳುತ್ತದೆ: ಮಿರರ್‌ನಲ್ಲಿ ಒಂದು ಪ್ರತಿಯನ್ನಿಟ್ಟುಕೊಂಡು ಉಳಿದದ್ದರ ಮೇಲೆ ಅದನ್ನೇ ಬರೆಯುತ್ತದೆ. ಯಾವುದು ನಿಜ ಎಂದು ವಿಚಾರಿಸುವುದಿಲ್ಲ. ವಿಚಾರಿಸಲು ಅದರ ಬಳಿ ಏನೂ ಇಲ್ಲ. ಆಮೇಲೆ ಚೆಕ್ ಓಡಿಸಿದರೆ ಸೊನ್ನೆ ಬರುತ್ತದೆ, ಎಲ್ಲ ಹಸಿರು, ಶಾಖೆಯ ದೂರೂ ನಿಲ್ಲುತ್ತದೆ. ಅರ್ಧಕ್ಕರ್ಧ ಸಂಭವ, ನಿಂತದ್ದು 1.1 ಆಗಿರಬಹುದು. ತಂಡದ ಹಿರಿಯನೊಬ್ಬ ರಿಪೇರ್ ಒತ್ತೋಣ ಅಂದ. ಅವನದು ಅಪ್ರಾಮಾಣಿಕ ಸಲಹೆ ಎಂದು ನನಗೆ ಅನ್ನಿಸಲಿಲ್ಲ. ಶಾಖೆಗಳು ಕಾಯುತ್ತಿದ್ದವು, ನಿಜ ಯಾವುದೆಂದು ತಿಳಿಯುವ ಮೊದಲು ಒಪ್ಪಂದವಾದರೂ ಇರಲಿ ಎಂಬ ಅವಸರ ಮನುಷ್ಯರಿಗೂ ಇರುತ್ತದೆ. ಎಷ್ಟೋ ಮನೆಗಳ ಪಂಚಾಯಿತಿ ಮುಗಿಯುವುದು ಹೀಗೇ.

ಹುಡುಗ ಇನ್ನೊಂದು ಕಡೆಯಿಂದ ಬಂದ. ದತ್ತಸಂಚಯದ ಪ್ರತಿ ಪುಟದ ತಲೆಯಲ್ಲಿ ಒಂದು ಕ್ರಮಸಂಖ್ಯೆ ಇರುತ್ತದೆ, ಬದಲಾದಾಗಲೆಲ್ಲ ಏರುತ್ತ ಹೋಗುತ್ತದೆ. ಎರಡು ಪ್ರತಿಗಳಲ್ಲಿ ಒಂದರ ಸಂಖ್ಯೆ ಚಿಕ್ಕದಿತ್ತು. ಒಂದು ಡಿಸ್ಕು ಬರೆದೆ ಎಂದು ಹೇಳಿ ಬರೆಯದೆ ಬಿಟ್ಟಿತ್ತು. ಮೊದಲ ಸಲದ ಮಾದರಿ ಕೆಟ್ಟದ್ದೆಂದು ಅನುಮಾನ ಬಂದು, ಎರಡನೆಯ ಸಲ ರಕ್ತ ತೆಗೆದು, ಫಲಿತಾಂಶ ತಿದ್ದಿದ್ದರು. ಆ ತಿದ್ದುಪಡಿ ಒಂದೇ ಕಡೆ ಇಳಿದಿತ್ತು. ಅಂದರೆ ಎರಡನೆಯ ಡಿಸ್ಕಿನಲ್ಲಿದ್ದದ್ದು ಕೆಟ್ಟುಹೋದ ಮಾಹಿತಿಯಲ್ಲ. ಅದು ಒಂದು ಕಾಲಕ್ಕೆ ಎಲ್ಲರೂ ಒಪ್ಪಿದ್ದ ಮಾತು, ಹಾಗಾಗಿಯೇ ಅದು ಅಷ್ಟು ಖರೆ ಅನ್ನಿಸುತ್ತಿದ್ದದ್ದು. ನಾವು ಅಷ್ಟಕ್ಕೇ ನಿಲ್ಲದೆ ಶಾಖೆಗೆ ಫೋನು ಮಾಡಿದೆವು. ತಂತ್ರಜ್ಞೆ ಪರೀಕ್ಷಾಯಂತ್ರದಿಂದ ಹೊರಬಂದ ಕಾಗದದ ಚೀಟಿಯನ್ನು ಫೈಲಿನಿಂದ ತೆಗೆದು ಓದಿದರು: 1.9. ವರ್ಷಗಟ್ಟಲೆ ನಾವೇ ಅವರಿಗೆ ಆ ಕಾಗದ ಇನ್ನು ಬೇಡ, ಎಲ್ಲ ಕಂಪ್ಯೂಟರಿನಲ್ಲಿದೆ ಎಂದು ಹೇಳುತ್ತ ಬಂದಿದ್ದೆವು. ಅವರು ಕೇಳಿರಲಿಲ್ಲ. ಪುಣ್ಯಕ್ಕೆ.

ಸಾಕ್ಷಿ ಕನ್ನಡಿಯ ಹೊರಗಿರಬೇಕು ಎಂದು ಆಗಿನಿಂದ ನಾನು ಎಲ್ಲರಿಗೂ ಹೇಳುತ್ತೇನೆ. ಮೂರನೆಯ ಡಿಸ್ಕು ಸೇರಿಸಿದರಾಗದೇ, ಬಹುಮತ ನೋಡಿದರಾಯಿತಲ್ಲ ಎಂದು ಕೇಳುವವರಿದ್ದಾರೆ. ಅವರನ್ನು ಒಮ್ಮೆ ಇಲ್ಲಿಯ ಲಾ ಕಾಲೇಜ್ ರಸ್ತೆಯ ಭಂಡಾರಕರ್ ಸಂಸ್ಥೆಗೆ ಕರೆದೊಯ್ಯುವ ಆಸೆ. ಮಹಾಭಾರತದ ಪರಿಷ್ಕೃತ ಆವೃತ್ತಿಗಾಗಿ ಅಲ್ಲಿ 1,259 ಹಸ್ತಪ್ರತಿಗಳನ್ನು ಹೋಲಿಸಿದರು. 1919ರಲ್ಲಿ ಶುರುವಾದ ಕೆಲಸ ಮುಗಿದದ್ದು 1966ರಲ್ಲಿ. ಅಷ್ಟು ಕಾಲ ಹಿಡಿಯಲು ಒಂದು ಕಾರಣ, ಪ್ರತಿಗಳ ತಲೆಯೆಣಿಕೆಯಿಂದ ಅಲ್ಲಿ ಏನೂ ತೀರ್ಮಾನವಾಗುವುದಿಲ್ಲ. ಒಂದು ತಪ್ಪಿನ ಪ್ರತಿಯಿಂದ ಐವತ್ತು ನಕಲುಗಳಾಗಿದ್ದರೆ ಐವತ್ತೂ ಕೂಡಿ ಒಂದೇ ಸಾಕ್ಷಿ. ದೂರದ ಬೇರೊಂದು ಲಿಪಿಯಲ್ಲಿ, ಈ ಐವತ್ತರ ಮುಖ ನೋಡದೆ ಬೆಳೆದ ಒಂದೇ ಪ್ರತಿ ಅವಕ್ಕಿಂತ ಹೆಚ್ಚು ತೂಗಬಹುದು. ಪ್ರತಿಗಳನ್ನು ಎಣಿಸಬೇಡಿ, ತೂಗಿ ಎನ್ನುವುದು ಗ್ರಂಥಸಂಪಾದನೆಯವರಲ್ಲಿ ಹಳೆಯ ಮಾತು. ಒಂದೇ ಬ್ಯಾಚಿನ ಮೂರು ಡಿಸ್ಕುಗಳಿಗೂ ಇದು ಸಲ್ಲುತ್ತದೆ. ವೇದ ಬಾಯಿಪಾಠ ಮಾಡುವವರು ಇನ್ನೊಂದು ದಾರಿ ಹಿಡಿದರು. ಘನಪಾಠದಲ್ಲಿ ಎರಡು ಪದ ಮುಂದಕ್ಕೆ, ಹಿಂದಕ್ಕೆ, ಮತ್ತೆ ಮೂರು ಪದ ಮುಂದಕ್ಕೆ, ಹಿಂದಕ್ಕೆ, ಮುಂದಕ್ಕೆ ಹೇಳುತ್ತ ಸಾಗಬೇಕು. ಒಂದು ಪದ ಜಾರಿದರೆ ನಾಲಿಗೆಯೇ ಎಡವುತ್ತದೆ. ಪಕ್ಕದವನನ್ನು ನೋಡದೆಯೇ ತನ್ನ ತಪ್ಪು ತನಗೆ ಗೊತ್ತಾಗುವ ವ್ಯವಸ್ಥೆ. ಜ಼ೆಡ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್‌ನಂಥ ಕಡತ ವ್ಯವಸ್ಥೆಗಳು ಪ್ರತಿ ತುಂಡಿಗೂ ಚೆಕ್‌ಸಮ್ ಇಡುವುದರ ಹಿಂದಿರುವುದೂ ಇದೇ ಬುದ್ಧಿ.

ಯಂತ್ರಗಳ ಮಾತು ಇರಲಿ. ಒಂದು ಡಿಸ್ಕು ಹೋಗಿ ಒಂದರ ಮೇಲೆ ಓಡುವುದಕ್ಕೆ ನಾವು ‘ಡಿಗ್ರೇಡೆಡ್’ ಅನ್ನುತ್ತೇವೆ. ಹೊರಗಿನಿಂದ ನೋಡಿದರೆ ಏನೂ ಆಗಿರುವುದಿಲ್ಲ, ಎಲ್ಲ ಪ್ರಶ್ನೆಗೂ ಉತ್ತರ ಬರುತ್ತದೆ. ಇನ್ನೂ ಹೇಳಬೇಕೆಂದರೆ ಉತ್ತರಗಳು ಮೊದಲಿಗಿಂತ ಖಚಿತ. ಒಂದೇ ಪ್ರತಿ ಇದ್ದಲ್ಲಿ ವ್ಯತ್ಯಾಸ ಹೇಗೆ ಬರಬೇಕು?

ಅಪ್ಪ ತೀರಿಕೊಂಡ ಮೇಲೆ ಅವ್ವ ಹೇಳುವ ಕತೆಗಳು ಹಾಗಾಗಿವೆ. ಹಾವೇರಿ ಹತ್ತಿರದ ಊರಿನಲ್ಲಿ ನಮ್ಮ ಕೆರೆ ಕೆಳಗಿನ ಹೊಲ ಮಾರಿದ್ದು ಯಾಕೆ ಎಂಬ ಮಾತು ಮನೆಯಲ್ಲಿ ವರ್ಷಕ್ಕೆ ನಾಲ್ಕು ಸಲವಾದರೂ ಏಳುತ್ತಿತ್ತು. ‘ಇವನ ಎಂಜಿನಿಯರಿಂಗ್ ಫೀಸಿಗೆ’ ಎಂದು ಅಪ್ಪ. ‘ಎಲ್ಲಿ ಫೀಸೋ, ನಿಮ್ಮ ತಮ್ಮನ ಸಾಲಕ್ಕ ಹೋತು, ಸುಮ್ನ ಹುಡುಗನ ಮ್ಯಾಲ ಯಾಕ ಹಾಕ್ತೀರಿ’ ಎಂದು ಅವ್ವ. ಇಬ್ಬರ ಜಗಳದ ನಡುವೆ ನಾನು ನನಗೆ ಬೇಕಾದಷ್ಟು ಋಣವನ್ನು ಇಟ್ಟುಕೊಂಡು ಉಳಿದದ್ದನ್ನು ಕಾಕಾನ ತಲೆಗೆ ಕಟ್ಟುತ್ತಿದ್ದೆ. ಈಗ ಅವ್ವ ಹೇಳುವುದೇ ಬೇರೆ: ‘ನಿಮ್ಮಪ್ಪ ನಿನ್ನ ಓದಿಗಂತನ ಹೊಲಾ ಮಾರಿದ್ರಪ್ಪ.’ ಯಾರು ಕೇಳಿದರೂ ಅದೇ ಮಾತು, ಅದೇ ಪದ. ಹೋದವರ ಪ್ರತಿಯನ್ನು ಉಳಿದವಳು ತನ್ನ ಮೇಲೆ ಬರೆದುಕೊಂಡುಬಿಟ್ಟಿದ್ದಾಳೆ. ಯಾವ ರೀಸಿಂಕ್‌ನಲ್ಲೂ ನಾನು ಹೀಗೆ ಹಿಮ್ಮುಖವಾಗಿ ನಡೆದದ್ದು ಕಂಡಿಲ್ಲ.

ಉಪನೋಂದಣಾಧಿಕಾರಿ ಕಚೇರಿಯಲ್ಲಿ ಖರೀದಿಪತ್ರ ಇದೆ. ಅದರಲ್ಲಿ ಸರ್ವೆ ನಂಬರ್, ಎಕರೆ-ಗುಂಟೆ, ರೊಕ್ಕದ ಲೆಕ್ಕ ಎಲ್ಲ ಸಿಗುತ್ತದೆ. ಮಾರಿದವನ ಮನಸ್ಸಿನಲ್ಲಿ ಯಾರಿದ್ದರು ಎಂಬ ಕಾಲಂ ಇಲ್ಲ. ಹಳೆಯ ಜಗಳ ನೆನಪಿರುವವಳು ನನ್ನ ಅಕ್ಕ ಒಬ್ಬಳೇ. ಅವ್ವಗೆ ಹೇಳೋಣವೇ ಎಂದು ಕೇಳಿದರೆ, ‘ಬ್ಯಾಡ ಬಿಡೋ, ಈಗರೆ ಅವರಿಬ್ರೂ ಒಂದ ಮಾತು ಆಡಾಕತ್ತಾರ’ ಅಂದಳು. ಪ್ರಯೋಗಾಲಯದ ರೋಗಿಯ ವಿಷಯದಲ್ಲಿ ಅಷ್ಟು ಹಟ ಹಿಡಿದ ನಾನು ಇಲ್ಲಿ ಒಪ್ಪಿಕೊಂಡೆ. ಅಲ್ಲಿ ಒಂದು ಮೂತ್ರಪಿಂಡದ ಪ್ರಶ್ನೆಯಿತ್ತು. ಇಲ್ಲಿ ಯಾರ ಔಷಧಿಯೂ ಬದಲಾಗುವುದಿಲ್ಲ. ಈ ಸಮರ್ಥನೆ ಪೂರ್ತಿ ಸಾಲದು ಎಂದೂ ಅನ್ನಿಸುತ್ತದೆ. ಕಾಕಾ ಇನ್ನೂ ಇದ್ದಾರೆ. ಅವ್ವನ ಹೊಸ ಪ್ರತಿಯಲ್ಲಿ ಅವರ ಸಾಲವೂ ಇಲ್ಲ, ಅದು ತೀರಿದ ಬಗೆಯೂ ಇಲ್ಲ. ಅವರಿಗೆ ಅದು ಹಗುರವೋ ಅವಮಾನವೋ, ನಾನು ಕೇಳಿಲ್ಲ.

ಡಿಆರ್‌ಬಿಡಿ ಎಂಬ ಇನ್ನೊಂದು ಮಿರರಿಂಗ್ ತಂತ್ರಾಂಶವಿದೆ, ಇದು ಎರಡು ಬೇರೆ ಯಂತ್ರಗಳ ನಡುವಿನದು. ನಡುವಿನ ಸಂಪರ್ಕ ಕಡಿದು ಎರಡೂ ಕಡೆ ತಾನೇ ಮುಖ್ಯ ಎಂದು ಬರೆಯತೊಡಗಿ, ಆಮೇಲೆ ಮತ್ತೆ ಭೇಟಿಯಾದರೆ, ಅದು ತಾನಾಗಿ ಜೋಡಿಸಿಕೊಳ್ಳದೆ ನಿಂತುಬಿಡುವಂತೆ ಇಡಬಹುದು. ಆಗ ಮನುಷ್ಯನೊಬ್ಬ ಒಂದು ಯಂತ್ರದ ಮುಂದೆ ಕೂತು ಆಜ್ಞೆ ಕೊಡಬೇಕು. ಆ ಆಯ್ಕೆಯ ಹೆಸರು ‘ಡಿಸ್ಕಾರ್ಡ್ ಮೈ ಡೇಟಾ’, ನನ್ನದನ್ನು ಬಿಸಾಕು. ಅಳಿಸಿಹೋಗುವ ಕಡೆಯಿಂದಲೇ ಅದನ್ನು ಕೊಡಬೇಕು, ಗೆದ್ದ ಕಡೆಯಿಂದಲ್ಲ. ಇದನ್ನು ಬರೆದ ತಂತ್ರಜ್ಞರಿಗೆ ನೀತಿಶಾಸ್ತ್ರದ ಯೋಚನೆ ಇತ್ತೋ ಇಲ್ಲವೋ, ‘ರಿಪೇರ್’ ಎಂಬ ಹೆಸರಿಗಿಂತ ಇದು ನನಗೆ ಮರ್ಯಾದಸ್ಥ ಅನ್ನಿಸುತ್ತದೆ. ಏನು ಕಳೆಯುತ್ತಿದೆ ಎಂಬುದು ಆಜ್ಞೆಯಲ್ಲೇ ಇದೆ.

ಪ್ರಯೋಗಾಲಯದಲ್ಲಿ ಈಗ ಒಂದು ನಿಯಮ ಮಾಡಿದ್ದೇವೆ. ವ್ಯತ್ಯಾಸ ಕಂಡಾಗ ಯಾವುದೇ ಪ್ರತಿಯ ಮೇಲೆ ಬರೆಯುವ ಮೊದಲು ಸೋಲಲಿರುವ ಪ್ರತಿಯ ಪೂರ್ತಿ ನಕಲು ತೆಗೆದು ಬೇರೆ ಡಿಸ್ಕಿನಲ್ಲಿ 90 ದಿನ ಇಡಬೇಕು. ಯಾರು ಆರಿಸಿದರು, ಯಾವ ಆಧಾರದ ಮೇಲೆ ಎಂದು ಅದರ ಮೇಲೆ ಬರೆಯಬೇಕು. ಖರ್ಚಿನ ಬಾಬತ್ತು ಎಂದು ಐಟಿ ಮುಖ್ಯಸ್ಥರು ಮೊದಲು ಗೊಣಗಿದರು, ಕಡೆಗೆ ನಾಲ್ಕು ಡಿಸ್ಕು ಮಂಜೂರು ಮಾಡಿದರು. ಮೊದಲನೆಯ ಡಿಸ್ಕಿಗೆ ಚೀಟಿ ಅಂಟಿಸಿದವನು ಆ ವಿಜಯಪುರದ ಹುಡುಗನೇ. ದಿನಾಂಕ, ತನ್ನ ಹೆಸರು, ‘ಕಾಗದದ ಚೀಟಿ, ಶಾಖೆಯಿಂದ ಫೋನಿನಲ್ಲಿ’ ಎಂದು ಬರೆದು, ಡಿಸ್ಕಿನ ಸ್ಥಿತಿ ಎಂಬಲ್ಲಿ ಏನು ಬರೆಯಲಿ ಎಂದು ಕೇಳಿದ. ಕೆಟ್ಟದ್ದು ಎಂದು ಬರೆಯಲು ಅವನಿಗೆ ಮನಸ್ಸಿರಲಿಲ್ಲ. ‘ಹಳೇದು’ ಅಂತ ಬರಿ ಅಂದೆ. ಬರೆದು ಬೀರುವಿನಲ್ಲಿಟ್ಟು ಬೀಗ ಹಾಕಿದ.